ಮದ್ವೆ ಆಗಿ 2 ತಿಂಗಳು, ಅಕ್ಟೋಬರ್‌ಗೆ ಮೆಡಿಟರೇನಿಯನ್ ಕ್ರೂಸ್: ಒಂದೊಂದು ಪೋರ್ಟಲ್ಲಿ ಎಷ್ಟು ನೋಡೋದು? ಇಬ್ರಿಗೂ ಒಮ್ಮತ ಇಲ್ಲ

ಚಾಮರಾಜಪೇಟೆ_ಹುಡುಗಿ:
ಎಲ್ರಿಗೂ ನಮಸ್ಕಾರ. ಮೇ ತಿಂಗಳಲ್ಲಿ ನಮ್ಮ ಮದ್ವೆ ಆಯ್ತು. ಇಬ್ರಿಗೂ ಆಗ ರಜೆ ಸಿಗ್ಲಿಲ್ಲ, ಬೀಗರೂಟ ಮುಗಿದ ಮೂರನೇ ದಿನಕ್ಕೇ ಲ್ಯಾಪ್‌ಟಾಪ್ ಮುಂದೆ ಕೂತಿದ್ವಿ. ಅದಕ್ಕೇ ಅಕ್ಟೋಬರ್‌ಗೆ ಅಂತ 7 ರಾತ್ರಿಯ ಕ್ರೂಸ್ ಬುಕ್ ಮಾಡಿದೀವಿ. ಭಾನುವಾರ ಬಾರ್ಸಿಲೋನಾದಲ್ಲಿ ಹತ್ತೋದು, ಸೋಮವಾರ ಪಾಲ್ಮಾ, ಆಮೇಲೆ ಮಾರ್ಸೇ, ಲಾ ಸ್ಪೆಜಿಯಾ, ಚಿವಿತಾವೆಕ್ಕಿಯಾ (ರೋಮ್‌ಗೆ ಇಳಿಯೋ ಬಂದರು), ಶುಕ್ರವಾರ ನೇಪಲ್ಸ್, ಶನಿವಾರ ಪೂರ್ತಿ ಸಮುದ್ರದ ಮೇಲೆ, ಭಾನುವಾರ ವಾಪಸ್ ಬಾರ್ಸಿಲೋನಾ.

ನಮ್ಮೆಜಮಾನ್ರು ಒಂದು ಎಕ್ಸೆಲ್ ಶೀಟ್ ಮಾಡಿದಾರೆ. ಲಾ ಸ್ಪೆಜಿಯಾದಿಂದ ಪೀಸಾ ಮತ್ತೆ ಫ್ಲಾರೆನ್ಸ್ ಎರಡೂ. ಮಾರನೇ ದಿನ ರೋಮ್: ವ್ಯಾಟಿಕನ್ ಮ್ಯೂಸಿಯಂ, ಕೊಲೋಸಿಯಂ, ಪ್ಯಾಂಥಿಯನ್, ಟ್ರೆವಿ, ಸ್ಪ್ಯಾನಿಷ್ ಸ್ಟೆಪ್ಸ್. ಅದರ ಮಾರನೇ ದಿನ ಬೆಳಿಗ್ಗೆ ಪಾಂಪೇ, ಮಧ್ಯಾಹ್ನ ಕಾಪ್ರಿ ದ್ವೀಪ. ಶೀಟಲ್ಲಿ ಊಟಕ್ಕೆ 20 ನಿಮಿಷ ಅಂತಿದೆ. ನನಗೆ ಅದನ್ನ ನೋಡಿ ಅಳುನೇ ಬಂತು. ಒಂದೂರಲ್ಲಾದ್ರೂ ಇಬ್ರೂ ಸುಮ್ನೆ ಕೂತು ಕಾಫಿ ಕುಡೀಬೇಕು ಅಂತ ನನಗಾಸೆ. ಹೋಗಿ ಬಂದೋರು ಹೇಳಿ, ಇದು ಆಗೋ ಮಾತಾ? ಶಿಪ್ಪಿನೋರ ಟೂರ್ ತಗೊಂಡ್ರೆ ತುಂಬಾ ದುಬಾರಿ, ನಾವೇ ಹೋದ್ರೆ ಶಿಪ್ ಬಿಟ್ಟೋಗುತ್ತೇನೋ ಅಂತ ಭಯ. ಇನ್ನೊಂದು, ನಾವು ಮೊಟ್ಟೆನೂ ತಿನ್ನಲ್ಲ.

ರಾಗಿಮುದ್ದೆ_77:
ಮೊದಲಿಗೆ ಇಬ್ರಿಗೂ ಶುಭಾಶಯ. ಫ್ಲಾರೆನ್ಸ್ ತೆಗೀರಿ ಆ ಶೀಟಿಂದ.

ಟೊರಿನೋ_ಕನ್ನಡಿಗ:
ನಾನು ಇಟಲಿಯಲ್ಲಿ ಇರೋದು 6 ವರ್ಷ ಆಯ್ತು, ಅಪ್ಪ ಅಮ್ಮ ಬಂದಾಗ ಈ ಊರುಗಳಿಗೆಲ್ಲ ಕರ್ಕೊಂಡು ಹೋಗಿದೀನಿ. ರಾಗಿಮುದ್ದೆ ಅವರು ಹೇಳಿದ್ದು ಸರಿ. ಲಾ ಸ್ಪೆಜಿಯಾದಿಂದ ಫ್ಲಾರೆನ್ಸ್‌ಗೆ ಟ್ರೈನಲ್ಲಿ ಒಂದು ಕಡೆಗೇ ಎರಡು ಗಂಟೆ ಮೇಲಾಗುತ್ತೆ. ನಡುವೆ ಪೀಸಾದಲ್ಲಿ ಇಳಿದ್ರೆ ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಟ್ರೈನಲ್ಲೇ ಹೋಯ್ತು. ಫ್ಲಾರೆನ್ಸ್‌ನಲ್ಲಿ ಡುವೊಮೋ ಅನ್ನೋ ದೊಡ್ಡ ಚರ್ಚ್ ಮುಂದೆ ಒಂದು ಫೋಟೋ, ಅಷ್ಟೇ.

ಅದರ ಬದ್ಲು ಚಿಂಕ್ವೆ ತೆರ್ರೆ ಮಾಡಿ. ಲಾ ಸ್ಪೆಜಿಯಾ ಸ್ಟೇಷನ್ನಿಂದ ಮೊದಲನೇ ಹಳ್ಳಿ ರಿಯೊಮಜ್ಜೋರೆಗೆ ಹತ್ತು ನಿಮಿಷಾನೂ ಇಲ್ಲ. ಸಮುದ್ರದ ಕಡಿದಾದ ಬಂಡೆಗೆ ಅಂಟಿಸಿದ ಹಾಗೆ ಐದು ಹಳ್ಳಿ: ರಿಯೊಮಜ್ಜೋರೆ, ಮನರೋಲಾ, ಕೊರ್ನೀಲಿಯಾ, ವೆರ್ನಾತ್ಸಾ, ಮೊಂತೆರೊಸ್ಸೋ. ಟ್ರೈನ್ ಕಾರ್ಡ್ ಅಂತ ಒಂದಿದೆ, ತಗೊಂಡ್ರೆ ದಿನವಿಡೀ ಎಷ್ಟು ಸಲ ಬೇಕಾದ್ರೂ ಹತ್ತಿ ಇಳೀಬಹುದು. ಐದನ್ನೂ ಮುಗಿಸ್ತೀವಿ ಅಂತ ಹೊರಡ್ಬೇಡಿ, ಎರಡು ಸಾಕು. ಕೊರ್ನೀಲಿಯಾ ಮಾತ್ರ ಗುಡ್ಡದ ಮೇಲಿದೆ, ಸ್ಟೇಷನ್ನಿಂದ 380 ಚಿಲ್ಲರೆ ಮೆಟ್ಲು, ಮಂಡಿ ನೋವಿದ್ರೆ ಬಿಡಿ. ನಿಮ್ಮ ಕಾಫಿ ಆಸೆಗೆ ವೆರ್ನಾತ್ಸಾ. ದೋಣಿ ನಿಲ್ಲೋ ಜಾಗದ ಪಕ್ಕದಲ್ಲೇ ಕುರ್ಚಿ ಹಾಕಿರ್ತಾರೆ.

ಪ್ಲಾನ್_ಬಿ:
ನಾನೇ ಆ ಎಕ್ಸೆಲ್ ಶೀಟಿನವನು, ಇವರ ಗಂಡ. ಅವಳು ಲಿಂಕ್ ಕಳ್ಸಿದ್ಲು ಅದಕ್ಕೆ ಬಂದೆ. ನನ್ನ ಕಡೆದೂ ಕೇಳಿ. ಇಬ್ರ ಸೇವಿಂಗ್ಸ್ ಸೇರಿಸಿ ಮಾಡ್ತಿರೋ ಖರ್ಚು ಇದು. ಮಕ್ಕಳು ಮರಿ, ಹೋಮ್ ಲೋನ್ ಅಂತ ಶುರುವಾದ್ರೆ ಮತ್ತೆ ಯುರೋಪ್ ಕಡೆ ಹೋಗೋದು ಯಾವಾಗ? ನಮ್ಮಪ್ಪ 31 ವರ್ಷ ಸರ್ಕಾರಿ ಬಸ್ ಓಡಿಸಿದ್ರು. ಹಂಪಿ, ಬಾದಾಮಿ, ಜೋಗ ಎಲ್ಲಾ ಕಡೆಗೂ ಜನರನ್ನ ಕರ್ಕೊಂಡು ಹೋಗಿದಾರೆ, ಒಂದನ್ನೂ ಒಳಗೆ ಹೋಗಿ ನೋಡಿದವರಲ್ಲ, ಬಸ್ ಹತ್ರಾನೇ ಇರ್ತಿದ್ರು. ರೋಮ್ ತನಕ ಹೋಗಿ ಕೊಲೋಸಿಯಂ ನೋಡ್ದೆ ಬರೋದು ನನ್ ಕೈಲಿ ಆಗಲ್ಲ.

ಮಲೆನಾಡ_ಮಳೆ:
ಇದನ್ನ ಓದಿ ನಿಮ್ಮ ಕಡೆಗೆ ವಾಲ್ದೆ ನೋಡಿ.

ಹುಬ್ಬಳ್ಳಿ_ಗಾಳಿ:
ತಮ್ಮಾ ನಿನ್ ಮಾತು ಖರೇ ಐತಿ. ಆದ್ರ ನಿಮ್ಮಪ್ಪಗ ಬಸ್ ಬಿಟ್ಟು ಹೋಗಾಕ ಬರ್ತಿರಲಿಲ್ಲ, ಟೈಮ್ ಕಾಯ್ಬೇಕಿತ್ತು. ನೀ ಈಗ ಶೀಟ್ ಮಾಡಿ ಅದ ಟೈಮ್ ಕಾಯೋ ಕೆಲಸಾನ ಕೈಗೆ ತಗೊಂಡಿ. ರೋಮ್ ನೋಡ್ರಿ, ಬ್ಯಾಡ ಅನ್ನಂಗಿಲ್ಲ, ಐದರಾಗ ಮೂರು ಆರಿಸ್ಕೋರಿ.

ಟೊರಿನೋ_ಕನ್ನಡಿಗ:
@ಪ್ಲಾನ್_ಬಿ ಬ್ರೋ, ಕೊಲೋಸಿಯಂ ಬಿಡಿ ಅಂತ ಯಾರೂ ಹೇಳ್ತಿಲ್ಲ. ಲೆಕ್ಕ ನೋಡೋಣ ಬನ್ನಿ. ಚಿವಿತಾವೆಕ್ಕಿಯಾ ರೋಮ್‌ನ ಬಂದರು ಅಂತ ಹೆಸರಷ್ಟೇ, ರೋಮ್ ಅಲ್ಲಿಂದ ಸುಮಾರು 70–80 ಕಿ.ಮೀ. ಶಿಪ್ ಇಳಿದು ಪೋರ್ಟ್ ಬಸ್ಸಲ್ಲಿ ಗೇಟ್ ಹತ್ರ ಬಂದು ಅಲ್ಲಿಂದ ಸ್ಟೇಷನ್ ಸೇರಿ ಟ್ರೈನ್ ಹತ್ತೋದ್ರಲ್ಲೇ ಒಂದು ಗಂಟೆ ಹೋಗುತ್ತೆ. ರೀಜನಲ್ ಟ್ರೈನ್ ಒಂದು ಗಂಟೆ ಹತ್ತಿರ. ಅಂದ್ರೆ 7ಕ್ಕೆ ಶಿಪ್ ನಿಂತ್ರೂ ರೋಮ್‌ನಲ್ಲಿ ಕಾಲಿಡೋದು 9:30.

ಎರಡು ಥರ ಮಾಡಬಹುದು. ವ್ಯಾಟಿಕನ್ ಬೇಕಂದ್ರೆ ರೋಮ್‌ನ ಮುಖ್ಯ ಸ್ಟೇಷನ್ ಟರ್ಮಿನಿ ತನಕ ಹೋಗ್ಬೇಡಿ, ರೋಮಾ ಸ್ಯಾನ್ ಪಿಯೆತ್ರೋ ಸ್ಟೇಷನ್‌ನಲ್ಲಿ ಇಳೀರಿ, ಸೇಂಟ್ ಪೀಟರ್ಸ್‌ಗೆ ನಡೆದೇ ಹೋಗಬಹುದು. ಕೊಲೋಸಿಯಂ ಬೇಕಂದ್ರೆ ಟರ್ಮಿನಿ ತನಕ ಹೋಗಿ ಮೆಟ್ರೋ ಹಿಡೀರಿ, ಎರಡೇ ಸ್ಟಾಪ್. ಕೊಲೋಸಿಯಂ, ಅಲ್ಲಿಂದ ನಡ್ಕೊಂಡು ಪ್ಯಾಂಥಿಯನ್, ಟ್ರೆವಿ. ಇಷ್ಟು ಆರಾಮಾಗಿ ಆಗುತ್ತೆ. ವ್ಯಾಟಿಕನ್ ಮ್ಯೂಸಿಯಂ ಒಂದಕ್ಕೇ ಮೂರು ಗಂಟೆ ಬೇಕು, ಸಿಸ್ಟೀನ್ ಚಾಪೆಲ್ ಬರೋದೇ ಕೊನೇಲಿ. ಅದನ್ನೂ ಕೊಲೋಸಿಯಂನೂ ಒಂದೇ ದಿನ ಕ್ರೂಸಿಂದ ಇಳಿದು ಮಾಡೋರು ಎರಡನ್ನೂ ಓಡ್ತಾ ಓಡ್ತಾ ನೋಡ್ತಾರೆ. ಕೊಲೋಸಿಯಂ ಟಿಕೆಟ್ ಮೇಲೆ ಹೆಸರಿರುತ್ತೆ, ಸಮಯಾನೂ ನಿಗದಿ, ಮುಂಚೇನೇ ಆನ್‌ಲೈನ್‌ನಲ್ಲಿ ತಗೊಳ್ಳಿ.

ಪ್ಯಾಂಥಿಯನ್ ಒಳಗೆ ತಪ್ಪದೆ ಹೋಗಿ, ಟಿಕೆಟ್ ಇದೆ. ಗುಮ್ಮಟದ ಅಗಲ 43 ಮೀಟರ್, ಕಬ್ಬಿಣದ ಸರಳೇ ಇಲ್ದೆ ಬರೀ ಕಾಂಕ್ರೀಟ್, 1,900 ವರ್ಷ ಆಯ್ತು. ನಾನು ಸಿವಿಲ್ ಇಂಜಿನಿಯರ್, ಎಷ್ಟು ಸಲ ಹೋದ್ರೂ ಕತ್ತೆತ್ತಿ ನಿಂತುಬಿಡ್ತೀನಿ.

ವೀಸಾ_ಫೈಲ್:
ಟ್ರೈನ್ 45 ನಿಮಿಷ ಅಷ್ಟೇ ಅಲ್ವಾ? ನಾನು ಹೋದಾಗ ಅಷ್ಟೇ ಆಗಿತ್ತು.

ಟೊರಿನೋ_ಕನ್ನಡಿಗ:
ಅದು ದೂರದ ಫಾಸ್ಟ್ ಟ್ರೈನ್ ಇರಬೇಕು, ದಿನಕ್ಕೆ ಕೆಲವೇ ಇರೋದು, ಟಿಕೆಟ್ಟೂ ಬೇರೆ. ರೀಜನಲ್ ಲೆಕ್ಕ ಇಟ್ಕೊಂಡೇ ಹೊರಡಲಿ. ಇನ್ನೊಂದು ಮಾತು, ಸ್ಟೇಷನ್‌ನಲ್ಲಿ ಪೇಪರ್ ಟಿಕೆಟ್ ತಗೊಂಡ್ರೆ ಹತ್ತೋ ಮುಂಚೆ ಅಲ್ಲಿರೋ ಮಷೀನಿಗೆ ಹಾಕಿ ಮುದ್ರೆ ಒತ್ತಿಸ್ಬೇಕು, ಇಲ್ದಿದ್ರೆ ದಂಡ. ಮುಷ್ಕರ ಇದೆಯಾ ಅಂತನೂ ಒಂದು ವಾರ ಮುಂಚೆ ನೋಡಿ, ‘ಶೋಪೆರೋ’ ಅಂತಾರೆ ಇಲ್ಲಿ. ಶುಕ್ರವಾರ ಜಾಸ್ತಿ. ಮುಷ್ಕರ ಇದ್ರೂ ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಕೆಲವು ರೀಜನಲ್ ಟ್ರೈನ್ ಓಡಿಸಲೇಬೇಕು ಅಂತ ನಿಯಮ. ಆದ್ರೆ ಸಂಜೆ 6ರ ಟ್ರೈನ್ ನಂಬ್ಕೊಂಡ್ರೆ ನಿಮ್ಮ ಶಿಪ್ಪಿಗೆ ತಡ ಆಯ್ತು.

ಗ್ಯಾಲಿ_ಕುಡ್ಲ:
ನಾನು 9 ವರ್ಷ ಕ್ರೂಸ್ ಶಿಪ್ಪಿನ ಗ್ಯಾಲಿಯಲ್ಲಿ, ಅಂದ್ರೆ ಅಡುಗೆಮನೆಯಲ್ಲಿ ಕೆಲಸ ಮಾಡಿದ್ದು, ಮನೆ ಉಳ್ಳಾಲದ ಹತ್ರ. ಶಿಪ್ ಬಿಟ್ಟು ಹೋಗುದರ ಬಗ್ಗೆ ಕೇಳಿದ್ರಲ್ಲ, ಹೇಳ್ತೇನೆ.

ಶಿಪ್ಪಿನವರದ್ದೇ ಟೂರಲ್ಲಿ ಹೋದವರು ತಡ ಆದ್ರೆ ಶಿಪ್ ಕಾಯ್ತದೆ. ನೀವಾಗಿ ಹೋದ್ರೆ ಕಾಯುದಿಲ್ಲ. ಹೊರಡುವ ಟೈಮ್ 8 ಅಂತ ಇದ್ರೆ ನೀವು ಒಳಗೆ ಇರ್ಬೇಕಾದ್ದು ಅದಕ್ಕಿಂತ ಅರ್ಧ ಗಂಟೆ ಮೊದಲು, ಆಲ್ ಅಬೋರ್ಡ್ ಅಂತ ಗ್ಯಾಂಗ್‌ವೇಯಲ್ಲಿ (ಶಿಪ್ ಹತ್ತಿ ಇಳಿಯುವ ದಾರಿ) ಬರೆದು ಇಟ್ಟಿರ್ತಾರೆ, ಇಳಿಯುವಾಗ ಅದರ ಫೋಟೋ ತೆಗೀರಿ. ಬಾರದವರ ಹೆಸರು ಮೈಕಲ್ಲಿ ಕೂಗ್ತಾರೆ. ಕಡೆಗೂ ಬರ್ಲಿಲ್ಲಾಂದ್ರೆ ಕ್ಯಾಬಿನ್ ಸೇಫ್ ತೆಗ್ದು ಪಾಸ್‌ಪೋರ್ಟ್ ಇದ್ರೆ ಅದನ್ನು ಪೋರ್ಟ್ ಏಜೆಂಟಿನ ಕೈಯಲ್ಲಿ ಕೊಟ್ಟು ಶಿಪ್ ಹೊರಡ್ತದೆ. ಆಮೇಲೆ ಮುಂದಿನ ಪೋರ್ಟಿಗೆ ನೀವೇ ನಿಮ್ಮ ದುಡ್ಡಲ್ಲಿ ಬರ್ಬೇಕು. ಶಿಪ್ ನಿಲ್ಲುವ ಕಟ್ಟೆಗೆ ಓಡಿ ಬಂದು, ಹಗ್ಗ ಬಿಚ್ಚಿ ಆದ್ಮೇಲೆ ನಿಂತು ಅಳುವವರನ್ನು ನಾನು ಮೇಲಿಂದ ನೋಡಿದ್ದೇನೆ, ಚಿಕ್ಕ ಮಗು ಇದ್ದವರು ಒಬ್ರು. ಆ ದಿನ ರಾತ್ರಿ ನಮಗೆ ಯಾರಿಗೂ ಊಟ ಸೇರ್ಲಿಲ್ಲ.

ರೋಮಿಗೆ ನೀವಾಗಿಯೇ ಹೋಗಿ, ತೊಂದರೆ ಇಲ್ಲ. ಆದರೆ ರೋಮಿನಿಂದ 4 ಗಂಟೆಯ ಒಳಗಿನ ಟ್ರೈನ್ ಹತ್ಲೇಬೇಕು ಅಂತ ಇಬ್ಬರೂ ಒಪ್ಪಿಕೊಂಡು ಹೊರಡಿ. ಪಾಂಪೇ ಮತ್ತು ಕಾಪ್ರಿ ಒಂದೇ ದಿನ ನೀವಾಗಿ ಮಾಡುದು ಬೇಡ ಮಾರಾಯ್ರೆ. ಕಾಪ್ರಿಯಿಂದ ಬರುವ ಬೋಟು ಗಾಳಿ ಜೋರಾದ್ರೆ ಕ್ಯಾನ್ಸಲ್ ಮಾಡ್ತಾರೆ, ಅಕ್ಟೋಬರಲ್ಲಿ ಅದು ಉಂಟು.

ಪ್ಲಾನ್_ಬಿ:
ಬೋಟ್ ಕ್ಯಾನ್ಸಲ್ ಆಗೋದು ನನಗೆ ಗೊತ್ತೇ ಇರ್ಲಿಲ್ಲ ಅಣ್ಣ. ಕಾಪ್ರಿ ಡಿಲೀಟ್ ಮಾಡಿದೆ.

ಚಾಮರಾಜಪೇಟೆ_ಹುಡುಗಿ:
ಗ್ಯಾಲಿ ಅಣ್ಣಂಗೆ ನನ್ನ ಕಡೆಯಿಂದ ದೊಡ್ಡ ಥ್ಯಾಂಕ್ಸ್. ಅಣ್ಣ, ಶಿಪ್ಪಲ್ಲಿ ನಮಗೆ ಊಟ ಹೇಗೆ? ಏಜೆಂಟ್ ‘ವೆಜ್ ಸಿಗುತ್ತೆ’ ಅಂತಷ್ಟೇ ಹೇಳ್ತಾರೆ.

ಗ್ಯಾಲಿ_ಕುಡ್ಲ:
ಸಿಗ್ತದೆ. ಬುಕಿಂಗಲ್ಲಿ ಬರೆಸಿದ್ದು ಸಾಕಾಗುದಿಲ್ಲ. ಹತ್ತಿದ ದಿನವೇ ಸಂಜೆ ಊಟದ ಮೊದಲು ಡೈನಿಂಗ್ ಹಾಲಿಗೆ ಹೋಗಿ ಹೆಡ್ ವೇಟರನ್ನು ಕಾಣಿ. ‘ವೆಜಿಟೇರಿಯನ್’ ಅಂದ್ರೆ ಅವರು ಮೊಟ್ಟೆ ಹಾಕ್ತಾರೆ, ಕೆಲವರು ಮೀನೂ ಅಂದ್ಕೊಳ್ತಾರೆ. ಇಂಡಿಯನ್ ವೆಜ್, ನೋ ಎಗ್ ಅಂತ ಬಿಡಿಸಿ ಹೇಳಿ. ನಾಳೆಯ ಊಟ ಇವತ್ತೇ ಹೇಳಿದ್ರೆ ದಾಲು, ಒಂದು ಪಲ್ಯ, ಅನ್ನ ಮಾಡಿಕೊಡ್ತಾರೆ. ನಮ್ಮ ಊರಿನ ಹುಡುಗರು, ಗೋವಾದವರು, ಮುಂಬೈಯವರು ಸುಮಾರು ಶಿಪ್ಪಲ್ಲಿ ಇದ್ದಾರೆ, ಕ್ರೂ ಮೆಸ್ಸಿಗೆ ಹೇಗೂ ಸಾರು ಅನ್ನ ಆಗ್ತದೆ. ಎಲೆಕ್ಟ್ರಿಕ್ ಕುಕ್ಕರ್, ಕೆಟಲ್ ತರ್ಬೇಡಿ, ಸ್ಕ್ಯಾನರಲ್ಲಿ ಹಿಡಿದು ಇಟ್ಟುಕೊಳ್ತಾರೆ, ಬೆಂಕಿಯ ಭಯಕ್ಕೆ. ಚಟ್ನಿಪುಡಿ ಪ್ಯಾಕೆಟ್ ತನ್ನಿ.

ಅಡುಗೆಮನೆ_ಅತ್ತೆ:
ನಾವು 2019ರಲ್ಲಿ ಮಗಳು ಅಳಿಯನ ಜೊತೆ ಹೋಗಿದ್ವಿ. ನಾನು ಬರೀ ಬ್ರೆಡ್ಡು ಹಣ್ಣು ತಿಂದ್ಕೊಂಡು ಇರ್ಬೇಕಾಗುತ್ತೆ ಅಂತ ಅಂದ್ಕೊಂಡಿದ್ದೆ. ಲಾ ಸ್ಪೆಜಿಯಾದಲ್ಲಿ ‘ಫರಿನಾತಾ’ ಅಂತ ಮಾಡ್ತಾರಮ್ಮ, ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ಅಷ್ಟೇ. ದೊಡ್ಡ ಅಗಲವಾದ ತಾಮ್ರದ ತಟ್ಟೇಲಿ ಹುಯ್ದು ಸೌದೆ ಒಲೆ ಒಳಗೆ ಇಡ್ತಾರೆ, ಅಂಚು ಗರಿಗರಿ, ನಡುವೆ ಮೆತ್ತಗೆ. ನಮ್ಮ ಕಡಲೆಹಿಟ್ಟಿನ ದೋಸೆಗೆ ಖಾರ ಹಾಕ್ದೆ ದಪ್ಪಗೆ ಹುಯ್ದ್ರೆ ಹೆಂಗಿರುತ್ತೆ ಹಂಗೆ. ಮೇಲೆ ಕರಿಮೆಣಸಿನ ಪುಡಿ. ನಾನು ಎರಡು ಪ್ಲೇಟ್ ತಿಂದೆ. ಮಾರ್ಸೇಲೂ ಅದೇ ಹಿಟ್ಟಿನಲ್ಲಿ ‘ಪಾನಿಸ್’ ಅಂತ ಕರಿದು ಕೊಡ್ತಾರೆ, ಆದ್ರೆ ಅದೇ ಎಣ್ಣೇಲಿ ಮೀನು ಕರೀತಾರಾ ಕೇಳಿ ತಗೋ.

ಪಾಲ್ಮಾದಲ್ಲಿ ಸುರುಳಿ ಸುತ್ತಿದ ಬನ್ ಥರ ಎನ್ಸೈಮಾದಾ ಅಂತ ಎಲ್ಲಾ ಬೇಕರೀಲೂ ಇಟ್ಟಿರ್ತಾರೆ, ನೋಡಕ್ಕೆ ಚೆಂದ, ಸಕ್ಕರೆ ಪುಡಿ ಉದುರಿಸಿರ್ತಾರೆ. ಅದನ್ನ ಮುಟ್ಟಬೇಡ. ‘ಸೈಮ್’ ಅಂದ್ರೆ ಹಂದಿ ಕೊಬ್ಬು, ಅದರಿಂದಲೇ ಅದಕ್ಕೆ ಆ ಹೆಸರು. ನನ್ನ ಅಳಿಯ ತಂದುಬಿಟ್ಟಿದ್ದ, ಮಗಳು ಫೋನಲ್ಲಿ ಓದಿ ಹೇಳಿದ್ಲು, ತಿನ್ನೋಕೆ ಮುಂಚೆ ಗೊತ್ತಾಯ್ತು ಪುಣ್ಯ.

ಮಲೆನಾಡ_ಮಳೆ:
ಚೀಸ್ ಬಗ್ಗೆನೂ ಹೇಳ್ಬೇಕು. ಪಾರ್ಮೆಸಾನ್, ಅಂದ್ರೆ ಅಸಲಿ ಪಾರ್ಮಿಜಾನೋ ರೆಜಾನೋ, ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕೇ ಹಾಲು ಒಡೆಸೋದು, ಅವರ ನಿಯಮನೇ ಹಾಗೆ. ಪೆಸ್ಟೋ ಅನ್ನೋ ಹಸಿರು ಚಟ್ನೀಲೂ ಆ ಚೀಸ್ ಇರುತ್ತೆ.

ರಾಗಿಮುದ್ದೆ_77:
ಇಷ್ಟೆಲ್ಲಾ ನೋಡ್ತಾ ಕೂತ್ರೆ ಇಟಲೀಲಿ ನೀರು ಕುಡೀಬೇಕು ಅಷ್ಟೇ. ಅದು ಹಾಲಿನ ಪದಾರ್ಥ, ತಿನ್ನಲಿ ಬಿಡ್ರಿ.

ಮಲೆನಾಡ_ಮಳೆ:
ತಿನ್ನಿ ತಿನ್ನಬೇಡಿ ಅಂತ ನಾನು ಹೇಳಿಲ್ಲ. ಮೊಟ್ಟೆ ತಿನ್ನಲ್ಲ ಅಂತ ಅವರೇ ಬರೆದಿದಾರೆ, ಹಾಗಿದ್ದಾಗ ಗೊತ್ತಿದ್ದು ತೀರ್ಮಾನ ಮಾಡೋದು ಅವರಿಗೆ ಬಿಟ್ಟದ್ದು. ನಮ್ಮಮ್ಮ ವಾಪಸ್ ಬಂದ್ಮೇಲೆ ಇದು ಗೊತ್ತಾಗಿ ಒಂದು ವಾರ ಕೊರಗಿದ್ರು, ಅದಕ್ಕೇ ಹೇಳಿದ್ದು.

ಟೊರಿನೋ_ಕನ್ನಡಿಗ:
ನೇಪಲ್ಸ್‌ನಲ್ಲಿ ಪಿಜ್ಜಾ ಮರಿನಾರಾ ಕೇಳಿ. ಟೊಮ್ಯಾಟೊ, ಬೆಳ್ಳುಳ್ಳಿ, ಒರೆಗಾನೋ, ಎಣ್ಣೆ. ಹೆಸರಲ್ಲಿ ಸಮುದ್ರ ಇದೆ ಅಷ್ಟೇ, ಮೀನಿಲ್ಲ, ಚೀಸೂ ಇಲ್ಲ.

ಹುಬ್ಬಳ್ಳಿ_ಗಾಳಿ:
ಪೇಡೆ ಒಯ್ಯಬಹುದೇನ್ರಿ? ನಮ್ಮ ತಂಗಿಗೂ ಮದುವಿ ಆಗೇತಿ, ಡಿಸೆಂಬರದಾಗ ಅವರೂ ಹೊಂಟಾರ, ಧಾರವಾಡ ಪೇಡೆ ಎರಡು ಕಿಲೋ ಕಟ್ಟಬೇಕಂತ ನಮ್ಮವ್ವ ಈಗ ಹೇಳಾಕತ್ಯಾಳ.

ವೀಸಾ_ಫೈಲ್:
ಬೇಡ ಸರ್. ಭಾರತದಿಂದ ಯುರೋಪಿಯನ್ ಯೂನಿಯನ್ ಒಳಗೆ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಲಗೇಜಲ್ಲಿ ತಗೊಂಡು ಹೋಗೋ ಹಾಗಿಲ್ಲ. ಪೇಡ ಪೂರ್ತಿ ಹಾಲೇ. ಸಿಕ್ಕಿದ್ರೆ ಅಲ್ಲೇ ಕಸಕ್ಕೆ ಹಾಕ್ತಾರೆ.

ಹುಬ್ಬಳ್ಳಿ_ಗಾಳಿ:
ಅವ್ವಗ ಹೆಂಗ ಹೇಳ್ಲಿ ಇದನ್ನ.

ವೀಸಾ_ಫೈಲ್:
ಮೇಡಂ, ವೀಸಾ ಬಗ್ಗೆ ನೀವು ಏನೂ ಬರೆದಿಲ್ಲ, ಈಗ ಜುಲೈ, ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ, ಮೊದ್ಲು ಆ ಕೆಲಸ ಮಾಡಿ. ಹತ್ತೋದು ಇಳಿಯೋದು ಬಾರ್ಸಿಲೋನಾ, ಹಿಂದೆ ಮುಂದೆ ಹೋಟೆಲ್ ರಾತ್ರಿನೂ ಅಲ್ಲೇ ಇದ್ರೆ ಸ್ಪೇನ್‌ಗೇ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಅರ್ಜಿ ಹಾಕಿ. ಫೀಸು ಒಬ್ಬರಿಗೆ 90 ಯೂರೋ, ಸೆಂಟರ್ ಚಾರ್ಜ್ ಬೇರೆ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು. ಕ್ರೂಸ್ ಕನ್ಫರ್ಮೇಷನ್‌ನಲ್ಲಿ ದಿನದ ಪ್ರಕಾರ ಪೋರ್ಟ್ ಹೆಸರು ಇರೋ ಪುಟ ಕಡ್ಡಾಯವಾಗಿ ಇಡಿ.

ಇನ್ನು ಹೊಸದಾಗಿ ಮದ್ವೆ ಆದವರು ಮಾಡೋ ತಪ್ಪು. ಹೆಂಡತಿ ಹೆಸರಿನ ಮುಂದೆ ಗಂಡನ ಹೆಸರು ಸೇರಿಸಿ ಟಿಕೆಟ್ ಮಾಡಿಸ್ತಾರೆ, ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರೇ ಇರುತ್ತೆ. ನಮ್ಮ ಕಡೆ ಇನಿಷಿಯಲ್ ಬಿಡಿಸಿ ಸರ್‌ನೇಮ್ ಮಾಡಿರೋದ್ರಿಂದ ಇದು ಇನ್ನೂ ಗೋಜಲು. ಮದ್ವೆ ಆಯ್ತು ಅಂತ ಪಾಸ್‌ಪೋರ್ಟ್ ಬದಲಾಯಿಸಲೇಬೇಕು ಅಂತ ಯಾವ ಕಾನೂನೂ ಇಲ್ಲ. ಪಾಸ್‌ಪೋರ್ಟಲ್ಲಿ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ ವಿಮಾನ, ಕ್ರೂಸ್, ಕೊಲೋಸಿಯಂ ಟಿಕೆಟ್ ಎಲ್ಲಾ ಇರಲಿ. ಮದ್ವೆ ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ಜೊತೇಲಿ ಇಟ್ಕೊಳ್ಳಿ.

ಚಾಮರಾಜಪೇಟೆ_ಹುಡುಗಿ:
ಅಯ್ಯೋ! ಕ್ರೂಸ್ ಬುಕಿಂಗಲ್ಲಿ ಇವರು ನನ್ನ ಹೆಸರ ಜೊತೆ ಅವರ ಹೆಸರು ಹಾಕಿದಾರೆ. ಈಗಲೇ ಏಜೆಂಟಿಗೆ ಫೋನ್ ಮಾಡ್ತೀನಿ.

ಪ್ಲಾನ್_ಬಿ:
ತಪ್ಪು ನಂದೇ. ಪ್ರೀತಿಯಿಂದ ಹಾಕಿದ್ದು.

ಅಡುಗೆಮನೆ_ಅತ್ತೆ:
ಒಡವೆ ಬಗ್ಗೆ ಯಾರೂ ಹೇಳ್ಲಿಲ್ಲ. ಹೊಸ ಮದುಮಗಳು, ಮಾಂಗಲ್ಯದ ಸರ ಉದ್ದ ಇರುತ್ತೆ. ಬಾರ್ಸಿಲೋನಾ ರಾಂಬ್ಲಾ ರಸ್ತೇಲಿ, ರೋಮ್ ಮೆಟ್ರೋದಲ್ಲಿ, ನೇಪಲ್ಸ್ ಟ್ರೈನಲ್ಲಿ ಜೇಬುಗಳ್ಳರ ಕಾಟ ವಿಪರೀತ.

ರಾಗಿಮುದ್ದೆ_77:
ಸಿಂಪಲ್, ಒಡವೆ ಎಲ್ಲಾ ಬಿಚ್ಚಿ ಲಾಕರಲ್ಲಿಟ್ಟು ಹೋಗಿ.

ಅಡುಗೆಮನೆ_ಅತ್ತೆ:
ನಿಮಗೆ ಸಿಂಪಲ್ಲು. ಮದ್ವೆ ಆಗಿ ಐದು ತಿಂಗಳಿಗೆ ಬರೀ ಕತ್ತಲ್ಲಿ ಹೋಗು ಅಂದ್ರೆ ಆ ಹುಡುಗಿ ಮನಸ್ಸಿಗೆ ಹೇಗಿರುತ್ತೆ, ಅವಳ ಅತ್ತೆ ಮನಸ್ಸಿಗೆ ಹೇಗಿರುತ್ತೆ?

ರಾಗಿಮುದ್ದೆ_77:
ಅವರಿಗೆ ಇಷ್ಟ ಇದೆಯೋ ಇಲ್ವೋ ಅವರನ್ನೇ ಕೇಳ್ಬೇಕು ಅಲ್ವಾ ಅಮ್ಮ, ಅತ್ತೆ ಮನಸ್ಸು ಯಾಕೆ ಬಂತು ಇಲ್ಲಿ.

ಚಾಮರಾಜಪೇಟೆ_ಹುಡುಗಿ:
ನನಗೆ ತೆಗೆಯೋಕೆ ಇಷ್ಟ ಇಲ್ಲ. ಚಿನ್ನದ ಸರ ಹಾಕ್ಕೊಂಡು ಓಡಾಡೋಕೂ ಭಯ.

ಅಡುಗೆಮನೆ_ಅತ್ತೆ:
ಹಾಗಾದ್ರೆ ಕೇಳಮ್ಮ. ತಾಳಿಬೊಟ್ಟು ಎರಡನ್ನೂ ಅರಿಶಿನದ ದಾರಕ್ಕೆ ಪೋಣಿಸ್ಕೋ, ಧಾರೆ ದಿನ ಕಟ್ಟಿದ ಹಾಗೆ. ಮೇಲೆ ಕಾಲರ್ ಇರೋ ಶರ್ಟ್ ಹಾಕ್ಕೋ, ಯಾರ ಕಣ್ಣಿಗೂ ಬೀಳಲ್ಲ. ಸರ ಮನೇಲಿಡು. ಬಳೆ ಗಾಜಿನದ್ದು. ಹೆಚ್ಚು ಚಿನ್ನ ಹಾಕ್ಕೊಂಡೇ ಹೋಗೋದಾದ್ರೆ ಹೊರಡೋವಾಗ ಏರ್‌ಪೋರ್ಟ್ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸ್ಕೊಂಡ್ರೆ ವಾಪಸ್ ಬರುವಾಗ ತಕರಾರಿಲ್ಲ.

ರಾಗಿಮುದ್ದೆ_77:
ಇದು ಒಳ್ಳೆ ಐಡಿಯಾ ಅಮ್ಮ, ಒಪ್ಪಿದೆ.

ಶಾಸನಪ್ರಿಯ:
ತಡವಾಗಿ ಬಂದೆ. ನೇಪಲ್ಸ್‌ನಲ್ಲಿ ಪಾಂಪೇ ಅಂತ ಎಲ್ಲರೂ ಹೇಳ್ತಾರೆ, ಹೋಗಿ, ತಪ್ಪಿಲ್ಲ. ಮೆಟ್ರೋದಲ್ಲಿ ಮುನಿಚಿಪಿಯೋ ಸ್ಟೇಷನ್ನಿಂದ ಗರಿಬಾಲ್ಡಿ, ಅಲ್ಲಿಂದ ಚಿರ್ಕುಮ್‌ವೆಸುವಿಯಾನಾ ಟ್ರೈನಲ್ಲಿ ಪಾಂಪೇ ಸ್ಕಾವಿ, ಸುಮಾರು 40 ನಿಮಿಷ. ದಿನಕ್ಕೆ 20,000 ಜನ ಅಂತ ಮಿತಿ ಇದೆ, ಟಿಕೆಟ್ ಮೊದಲೇ ತಗೊಳ್ಳಿ.

ಆದ್ರೆ ನಾನು ಹೇಳೋಕೆ ಬಂದದ್ದು ಬೇರೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಪಾಂಪೇ ಬೂದಿ ಅಡಿ ಹೂತುಹೋಯ್ತಲ್ಲ, 1938ರಲ್ಲಿ ಅಲ್ಲಿನ ಒಂದು ಮನೆ ಅಗೆಯೋವಾಗ ದಂತದ ಪುಟ್ಟ ವಿಗ್ರಹ ಸಿಕ್ತು, ಒಂದು ಗೇಣಿಗಿಂತ ಸ್ವಲ್ಪ ಎತ್ತರ. ನಮ್ಮ ದೇಶದ್ದು. ಮೈತುಂಬ ಒಡವೆ, ಸೊಂಟಕ್ಕೆ ಡಾಬು, ಎರಡೂ ಪಕ್ಕ ಸೇವಕಿಯರು. ಪಾಂಪೇ ಲಕ್ಷ್ಮಿ ಅಂತ ಕರೀತಾರೆ, ಲಕ್ಷ್ಮಿ ಅಲ್ಲ ಯಕ್ಷಿ ಅಂತ ಹೇಳೋ ವಿದ್ವಾಂಸರೂ ಇದಾರೆ. ಈಗ ಇರೋದು ನೇಪಲ್ಸ್ ಊರೊಳಗಿನ ಆರ್ಕಿಯಾಲಜಿ ಮ್ಯೂಸಿಯಂನಲ್ಲಿ, ಶೃಂಗಾರದ ಕಲಾಕೃತಿಗಳನ್ನ ಇಟ್ಟಿರೋ ಸೀಕ್ರೆಟ್ ಕ್ಯಾಬಿನೆಟ್ ಅನ್ನೋ ಕೋಣೆಯಲ್ಲಿ. ಮುನಿಚಿಪಿಯೋದಿಂದ ಅದೇ ಮೆಟ್ರೋದಲ್ಲಿ ಮುಸೇಯೋ ಸ್ಟೇಷನ್. ಮಂಗಳವಾರ ರಜೆ, ನಿಮ್ಮದು ಶುಕ್ರವಾರ, ಚಿಂತೆ ಇಲ್ಲ. ಪಾಂಪೇಯ ಚೆಂದದ ಗೋಡೆ ಚಿತ್ರಗಳು, ಮೊಸಾಯಿಕ್‌ಗಳು ಸುಮಾರು ಇಲ್ಲೇ ಇವೆ.

ಮಲೆನಾಡ_ಮಳೆ:
ದಂತದ ವಿಗ್ರಹ ಅಲ್ಲಿಗೆ ಹೋಗಿದ್ದಾದ್ರೂ ಹೇಗೆ ಆ ಕಾಲದಲ್ಲಿ?

ಶಾಸನಪ್ರಿಯ:
ವ್ಯಾಪಾರ. ಮುಂಗಾರು ಗಾಳಿ ಹಿಡಿದು ಈಜಿಪ್ಟಿನಿಂದ ನಮ್ಮ ಪಶ್ಚಿಮ ಕರಾವಳಿಗೆ ಹಡಗು ಬರ್ತಿತ್ತು, ಮೆಣಸು, ಮುತ್ತು, ದಂತ ತುಂಬ್ಕೊಂಡು ಹೋಗ್ತಿತ್ತು. ಪ್ಲಿನಿ ಅನ್ನೋ ರೋಮನ್ ಲೇಖಕ, ವರ್ಷಾವರ್ಷ 5 ಕೋಟಿ ಸೆಸ್ಟರ್ಸ್ (ಆಗಿನ ರೋಮನ್ ನಾಣ್ಯ) ಭಾರತಕ್ಕೆ ಹೋಗ್ತಿದೆ ಅಂತ ಗೊಣಗಿ ಬರೆದಿಟ್ಟಿದಾನೆ. ಅದೇ ಪ್ಲಿನಿ ನೇಪಲ್ಸ್ ಕೊಲ್ಲಿಯಲ್ಲಿ ನೌಕಾಪಡೆಯ ಅಧಿಕಾರಿ ಆಗಿದ್ದ, ವೆಸೂವಿಯಸ್ ಸಿಡಿದಾಗ ಹಡಗು ತಗೊಂಡು ಜನರನ್ನ ಉಳಿಸೋಕೆ ಹೋಗಿ ಅಲ್ಲೇ ಸತ್ತ. ನಿಮ್ಮ ಶಿಪ್ ಬಂದು ನಿಲ್ಲೋದು ಅದೇ ಕೊಲ್ಲಿಯಲ್ಲಿ. ಆ ಕಾಲದ ರೋಮನ್ ನಾಣ್ಯಗಳು ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲೂ ಸಿಕ್ಕಿವೆ.

ಗ್ಯಾಲಿ_ಕುಡ್ಲ:
ಪ್ಲಿನಿ ಬರೆದ ‘ನಿತ್ರಿಯಾಸ್’ ಅಂದ್ರೆ ನಮ್ಮ ನೇತ್ರಾವತಿ ಅಂತ ಶಾಲೆಯಲ್ಲಿ ಮಾಷ್ಟ್ರು ಹೇಳಿದ್ದು ನೆನಪಾಯ್ತು. ನೇಪಲ್ಸಿಗೆ ಎಷ್ಟೋ ಸಲ ಹೋಗಿದ್ದೇನೆ, ಲಕ್ಷ್ಮಿ ಇರುದು ಗೊತ್ತಿರ್ಲಿಲ್ಲ.

ಶಾಸನಪ್ರಿಯ:
ಹಾಗೆ ಹೇಳೋರಿದಾರೆ, ಖಚಿತ ಅಂತ ಹೇಳೋಕಾಗಲ್ಲ. ಅದೇ ಥರ ಈಜಿಪ್ಟಲ್ಲಿ ಸಿಕ್ಕ ಗ್ರೀಕ್ ಪ್ರಹಸನದ ಪಪೈರಸ್‌ನಲ್ಲಿ ಕನ್ನಡ ಮಾತಿದೆ ಅಂತ ಗೋವಿಂದ ಪೈ ಅವರು ಬರೆದ್ರು, ಅದರ ಮೇಲೆ ಇವತ್ತಿಗೂ ವಾದ ಇದೆ.

ಹುಬ್ಬಳ್ಳಿ_ಗಾಳಿ:
ಮಾರ್ಸೇದಾಗ ಸಾವರ್ಕರ್ ಹಡಗಿನಿಂದ ಜಿಗಿದಿದ್ದು 1910ರಾಗ, ಆ ಬಂದರಾನೂ ನೋಡ್ಕೊಂಡು ಬರ್ರಿ.

ರಾಗಿಮುದ್ದೆ_77:
ಇತಿಹಾಸ ಸರಿ, ರಾಜಕೀಯದ ಕಡೆ ಹೋಗೋದು ಬೇಡ. ಮಾರ್ಸೇಲಿ ಗುಡ್ಡದ ಮೇಲಿನ ನೋತ್ರ್ ದಾಮ್ ದ ಲಾ ಗಾರ್ದ್ ಚರ್ಚಿಗೆ ಹೋಗಿ. ಸಮುದ್ರಕ್ಕೆ ಹೋದೋರು ಸುರಕ್ಷಿತವಾಗಿ ಬಂದ್ರೆ ಹರಕೆ ತೀರಿಸೋಕೆ ಪುಟ್ಟ ಪುಟ್ಟ ಹಡಗು ಮಾಡಿಸಿ ಅಲ್ಲಿ ಚಾವಣಿಗೆ ನೇತುಹಾಕಿದಾರೆ. ನಮ್ಮಲ್ಲಿ ಹರಕೆಗೆ ತೊಟ್ಟಿಲು ಕಟ್ತಾರಲ್ಲ, ಅದು ನೆನಪಾಗುತ್ತೆ.

ಗ್ಯಾಲಿ_ಕುಡ್ಲ:
ಹತ್ತಿದ ದಿನ ಸೇಫ್ಟಿ ಡ್ರಿಲ್ ಉಂಟು, ಹನಿಮೂನಿಗೆ ಬಂದವರು ಬಾಲ್ಕನಿಯಲ್ಲಿ ಕೂತು ತಪ್ಪಿಸಿಕೊಳ್ತಾರೆ. ತಪ್ಪಿಸ್ಬೇಡಿ. 2012 ಜನವರಿ 13ಕ್ಕೆ ಕೋಸ್ಟಾ ಕಾನ್ಕಾರ್ಡಿಯಾ ಅನ್ನುವ ಕ್ರೂಸ್ ಶಿಪ್ ಹೊರಟದ್ದು ಇದೇ ಚಿವಿತಾವೆಕ್ಕಿಯಾದಿಂದ, ಅದೇ ರಾತ್ರಿ ಜೀಲಿಯೋ ದ್ವೀಪದ ಬಂಡೆಗೆ ಹೊಡೆದು 32 ಜನ ಹೋದ್ರು. ಅವತ್ತು ಹತ್ತಿದವರಿಗೆ ಡ್ರಿಲ್ಲೇ ಆಗಿರ್ಲಿಲ್ಲ. ಆಮೇಲೆ ನಿಯಮ ಬಂತು, ಹೊರಡುವ ಮೊದಲೇ ಮಾಡ್ಬೇಕು ಅಂತ. ನಿಮ್ಮ ಮಸ್ಟರ್ ಸ್ಟೇಷನ್‌ಗೆ (ಅಪಾಯದಲ್ಲಿ ಸೇರ್ಬೇಕಾದ ಜಾಗ) ಒಂದು ಸಲ ಇಬ್ಬರೂ ನಡೆದು ಹೋಗಿ ನೋಡಿ ಬನ್ನಿ.

ಮಲೆನಾಡ_ಮಳೆ:
ಮತ್ತೆ ಫೋನು. ಸಮುದ್ರದ ಮೇಲೆ ಹೋಗ್ತಿದ್ದ ಹಾಗೆ ಏರೋಪ್ಲೇನ್ ಮೋಡ್ ಹಾಕಿ. ಶಿಪ್ಪಿನ ಸ್ಯಾಟಲೈಟ್ ನೆಟ್‌ವರ್ಕಿಗೆ ತಾನೇ ತಾನಾಗಿ ಸೇರ್ಕೊಳುತ್ತೆ, ಯುರೋಪ್ ರೋಮಿಂಗ್ ಪ್ಯಾಕ್ ಅದಕ್ಕೆ ನಡೆಯಲ್ಲ. ನಮ್ಮ ಭಾವನಿಗೆ ಒಂದೇ ರಾತ್ರಿಗೆ 9 ಸಾವಿರ ಬಿಲ್ ಬಂತು, ಫೋನ್ ಮುಟ್ಟಿರಲೇ ಇಲ್ಲ ಅವರು.

ಚಾಮರಾಜಪೇಟೆ_ಹುಡುಗಿ (ನವೆಂಬರ್):
ಹೋಗಿ ಬಂದ್ವಿ! ಬರೀತೀನಿ ಅಂತ ಹೇಳಿ ಹದಿನೈದು ದಿನ ಆಯ್ತು, ಕ್ಷಮಿಸಿ, ದೀಪಾವಳಿ ಮಧ್ಯ ಬಂತು.

ಬಾರ್ಸಿಲೋನಾಗೆ ಎರಡು ದಿನ ಮುಂಚೆ ಹೋದ್ವಿ. ಸಗ್ರಾದಾ ಫಮೀಲಿಯಾ ಚರ್ಚ್ ಒಳಗೆ ಬೆಳಿಗ್ಗೆ 9ರ ಟಿಕೆಟ್ ತಗೊಂಡಿದ್ವಿ, ಗಾಜಿನಿಂದ ನೀಲಿ ಹಸಿರು ಬೆಳಕು ಕಂಬಗಳ ಮೇಲೆ ಬೀಳ್ತಿತ್ತು. 1882ರಲ್ಲಿ ಶುರು ಮಾಡಿದ್ದು ಅಂತ ಇವರು ಓದಿ ಹೇಳ್ತಿದ್ರು, ನನಗೆ ಕಿವಿಗೆ ಬೀಳ್ತಿರ್ಲಿಲ್ಲ. ಪಾಲ್ಮಾ, ಮಾರ್ಸೇ ಎರಡರಲ್ಲೂ ಅರ್ಧ ದಿನ ಅಷ್ಟೇ ಇಳಿದಿದ್ದು. ಮಾರ್ಸೇ ಚರ್ಚಲ್ಲಿ ಆ ಪುಟ್ಟ ಹಡಗುಗಳನ್ನ ನೋಡಿದ್ವಿ.

ಲಾ ಸ್ಪೆಜಿಯಾ ದಿನ ವೆರ್ನಾತ್ಸಾ ಒಂದೇ ಹಳ್ಳಿ. ಎರಡು ನೋಡೋಣ ಅಂತ ಹೊರಟಿದ್ದು, ಮಳೆ ಬಂತು, ಒಂದು ಛತ್ರಿ ಕೆಳಗೆ ಕುರ್ಚಿ ಸಿಕ್ತು, ಕೂತ್ವಿ. ಮೂರು ಗಂಟೆ ಮಾತಾಡಿದೀವಿ. ಮದ್ವೆಗೆ ಮುಂಚೆ ಇಬ್ರೂ ಭೇಟಿ ಆಗಿದ್ದೇ ಐದು ಸಲ, ಅವರ ಅಪ್ಪನ ವಿಷ್ಯ, ಅವರು ಓದೋವಾಗ ಹಾಸ್ಟೆಲ್ ಫೀಸ್ ಕಟ್ಟೋಕೆ ಆಗ್ದೆ ಇದ್ದಿದ್ದು, ಎಲ್ಲಾ ನನಗೆ ಗೊತ್ತಾಗಿದ್ದು ಅವತ್ತು.

ರೋಮ್‌ನಲ್ಲಿ ಕೊಲೋಸಿಯಂ, ಪ್ಯಾಂಥಿಯನ್, ಟ್ರೆವಿ. 3:40ರ ಟ್ರೈನಿಗೆ ಹೊರಟ್ವಿ, ಅದು ನಡುವೆ ನಿಂತು 50 ನಿಮಿಷ ತಡ ಆಯ್ತು. ಇವರು ಗಡಿಯಾರ ನೋಡ್ಲೇ ಇಲ್ಲ, ಟೈಮ್ ಇತ್ತು. ಗ್ಯಾಲಿ ಅಣ್ಣ, ಆಗ ನಿಮ್ಮನ್ನ ನೆನೆಸ್ಕೊಂಡ್ವಿ. ಊಟಾನೂ ನೀವು ಹೇಳಿದ ಹಾಗೇ ಕೇಳಿದ್ವಿ, ಕುಂದಾಪುರದ ಒಬ್ರು ಕೊನೇ ದಿನ ನಮಗೆ ಅಂತ ತಿಳಿಸಾರು ಮಾಡಿ ಕಳ್ಸಿದ್ರು, ಸಮುದ್ರದ ಮಧ್ಯ.

ಪ್ಲಾನ್_ಬಿ:
ನೇಪಲ್ಸ್ ನಾನು ಬರೀತೀನಿ. ಬೆಳಿಗ್ಗೆ ಪಾಂಪೇ, ಮಧ್ಯಾಹ್ನ ಮ್ಯೂಸಿಯಂ. ಕಲ್ಲು ಹಾಸಿನ ಬೀದೀಲಿ ಗಾಡಿ ಚಕ್ರ ಸವೆಸಿದ ಗುರುತು ಇನ್ನೂ ಇದೆ, ಹಂಪೀಲಿ ಕಂಡ ಹಾಗೇ. ಅಪ್ಪಂಗೆ ವಿಡಿಯೋ ಕಾಲ್ ಮಾಡಿ ತೋರಿಸ್ದೆ. ಮ್ಯೂಸಿಯಂನಲ್ಲಿ ಲಕ್ಷ್ಮಿ ಮುಂದೆ ನಾವಿಬ್ರೇ ಇದ್ದಿದ್ದು, ಬೇರೆ ಜನ ಎಲ್ಲಾ ಆ ಕೋಣೇಲಿ ಬೇರೆ ಏನೇನೋ ನೋಡ್ತಾ ಇದ್ರು. ನಾವು ಅಂದ್ಕೊಂಡಿದ್ದಕ್ಕಿಂತ ಚಿಕ್ಕದು. ಇವಳು ತನ್ನ ಅರಿಶಿನ ದಾರ ಹೊರಗೆ ತೆಗೆದು ಕೈ ಮುಗಿದ್ಲು. ಶಾಸನಪ್ರಿಯ ಸರ್, ನಿಮಗೆ ಋಣಿ.

ಶಾಸನಪ್ರಿಯ:
ಕಣ್ಣಲ್ಲಿ ನೀರು ಬಂತು ಮಗು. ಬೆನ್ನಿನ ಕಡೆ ಜಡೆ ನೋಡಿದ್ರಾ?

ಚಾಮರಾಜಪೇಟೆ_ಹುಡುಗಿ:
ನೋಡಿದ್ವಿ ಸರ್! ಜಡೆ ಸೊಂಟದ ತನಕ ಇದೆ, ನಮ್ಮಜ್ಜಿ ಹಾಕ್ತಿದ್ದ ಹಾಗೇ.

ಹುಬ್ಬಳ್ಳಿ_ಗಾಳಿ:
ಛಲೋ ಆತು. ನಮ್ಮ ತಂಗಿಗೆ ಇದನ್ನೆಲ್ಲಾ ಓದಿ ಹೇಳ್ದೆ. ಆಕಿ ಕೇಳಾಕತ್ಯಾಳ, ಫರಿನಾತಾ ಎಲ್ಲಿ ತಿಂದ್ರಿ, ಬೆಳಿಗ್ಗೆನೂ ಸಿಗತೈತೇನು?

ಚಾಮರಾಜಪೇಟೆ_ಹುಡುಗಿ:
ಲಾ ಸ್ಪೆಜಿಯಾ ಸ್ಟೇಷನ್ನಿಂದ ಕೆಳಗೆ ಊರೊಳಗೆ ಇಳಿಯೋ ದಾರೀಲಿ ಸಿಕ್ಕ ಅಂಗಡಿ, ಹೆಸರು ನೆನಪಿಲ್ಲ, ಸೌದೆ ಒಲೆ ಬಾಗಿಲಿಂದಲೇ ಕಾಣುತ್ತೆ. ನಾವು ಹೋಗಿದ್ದು ಸಂಜೆ 5ಕ್ಕೆ, ಆಗಷ್ಟೇ ಹೊಸ ತಟ್ಟೆ ತೆಗೆದ್ರು. ಬೆಳಿಗ್ಗೆ ಶಿಪ್ಪಿಂದ ಇಳಿದಾಗ ಅದೇ ಅಂಗಡಿ ಬಾಗಿಲು ಹಾಕಿತ್ತು. ಅದಕ್ಕೆ ವಾಪಸ್ ಬರೋವಾಗ ತಿನ್ನಕ್ಕೆ ಹೇಳಿ, ಚಟ್ನಿಪುಡಿ ಬ್ಯಾಗಲ್ಲಿ ಇಟ್ಕೊಂಡಿರಲಿ, ನಾವು ಅದನ್ನ ಉದುರಿಸ್ಕೊಂಡು ತಿಂದ್ವಿ, ಅಂಗಡಿಯವರೂ ಒಂದು ಚೂರು ರುಚಿ ನೋಡಿ ಪೊಟ್ಟಣ ಕೇಳಿದ್ರು. ಕೊಟ್ಟು ಬಂದೆ.